ಎರಡನೆಯ ಗುಂಪಿನ ಇಲಿಗಳು

ನಸುಗುನ್ನಿ ಕಾಯಿಯ ಗೋಣಿಚೀಲವನ್ನು ವಿದ್ಯಾರ್ಥಿನಿ ನಮ್ಮ ಪ್ರಯೋಗಾಲಯಕ್ಕೆ ಬಸ್ಸಿನಲ್ಲಿ ತರಲಿಲ್ಲ. ತಂದಿದ್ದರೆ ಬೆಳ್ತಂಗಡಿಯಿಂದ ಮೂಡುಬಿದಿರೆಯವರೆಗೆ ಇಡೀ ಬಸ್ಸು ಮೈ ತುರಿಸಿಕೊಳ್ಳಬೇಕಾಗಿತ್ತು. ಅವಳ ಅಣ್ಣ ಪಿಕಪ್ಪಿನ ಹಿಂದೆ ಹಾಕಿ ತಂದರು. ನೆರಿಯದ ಕಾಡಿನ ಅಂಚಿನಲ್ಲಿ ಕಾಯಿ ಕೊಯ್ದವರೂ ಅವರೇ. ಕಾಯಿಯ ಮೇಲಿನ ಕಂದು ರೋಮ ತಾಗದಂತೆ ರೈನ್‌ಕೋಟು, ಕೈಗವಸು ಹಾಕಿ, ಮುಖಕ್ಕೆ ಹೆಗಲ ಮೇಲಿನ ಬೈರಾಸು ಸುತ್ತಿಕೊಂಡಿದ್ದರಂತೆ.

"ಸ್ಪ್ರೇಗೆ ಹೋಗುವಾಗ ಈ ಕೋಟು ಹಾಕು ಅಂತ ಆರು ವರ್ಷದಿಂದ ಹೇಳ್ತಾ ಇದ್ದೇನೆ ಮೇಡಂ, ಒಂದು ದಿನ ಹಾಕಿದವನಲ್ಲ," ಎಂದಳು ವಿದ್ಯಾರ್ಥಿನಿ.

"ಇದು ಕೂಡಲೇ ತುರಿಸ್ತದಲ್ಲ," ಎಂದರು ಅಣ್ಣ.

ಅವರ ಕೆಲಸ ಗುತ್ತಿಗೆ ಹಿಡಿದು ಗೇರು ತೋಟಗಳಿಗೆ ಕೀಟನಾಶಕ ಸ್ಪ್ರೇ ಮಾಡುವುದು. ಗೇರು ಹೂ ಬಿಡುವ ಕಾಲದಲ್ಲಿ ಟೀ ಸೊಳ್ಳೆ ಎಂಬ ಕೀಟದ ಕಾಟ ಇರುತ್ತದೆ. ಆಗ ಬೆಳಗಿನಿಂದ ಸಂಜೆಯವರೆಗೆ ಬೆನ್ನಿನ ಮೇಲೆ ಟ್ಯಾಂಕು. ಮದುವೆಯಾಗಿ ಆರು ವರ್ಷವಾಗಿ ಮಕ್ಕಳಾಗಿರಲಿಲ್ಲ. ಹೆಂಡತಿಯನ್ನು ಹಲವು ಕಡೆ ತೋರಿಸಿಯಾಗಿತ್ತು. ತನ್ನ ಪರೀಕ್ಷೆಗೆ ಮಾತ್ರ ಅವರು ಒಪ್ಪಿರಲಿಲ್ಲ. ಇದನ್ನೆಲ್ಲ ವಿದ್ಯಾರ್ಥಿನಿ ನನಗೆ ಹೇಳಿದ್ದು ನಸುಗುನ್ನಿ ಬೀಜ ಬೇಯಿಸುವಾಗ. ಬೀಜವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಹಾಲಿನ ಪಾತ್ರೆಯೊಳಗೆ ತಳ ತಾಗದಂತೆ ತೂಗುಬಿಟ್ಟು ಬೇಯಿಸಬೇಕು. ಆಮೇಲೆ ಸಿಪ್ಪೆ ಸುಲಿದು, ಒಣಗಿಸಿ, ಪುಡಿ ಮಾಡಬೇಕು. ಹಾಲು ಉಕ್ಕದಂತೆ ಯಾರಾದರೂ ನೋಡುತ್ತಲೇ ಇರಬೇಕು. ಹಾಗಾಗಿ ಮಾತಾಡಲು ಸಮಯ ಇತ್ತು.

ಆಯುರ್ವೇದ ಡಾಕ್ಟರಾಗಿದ್ದ ಅವಳು ಸ್ನಾತಕೋತ್ತರ ಪದವಿಗೆ ಆರಿಸಿಕೊಂಡ ಪ್ರಶ್ನೆ ಇದು: ಕೀಟನಾಶಕ ಗಂಡಿನ ವೀರ್ಯಾಣುಗಳಿಗೆ ಮಾಡುವ ಹಾನಿಯನ್ನು ನಸುಗುನ್ನಿ ತಡೆಯುತ್ತದೆಯೇ? ಮನೆಯಲ್ಲಿ ಅಣ್ಣನಿಗೂ ಪ್ರಶ್ನೆ ಗೊತ್ತಿತ್ತು. ಅವರು ಅದನ್ನು ತನ್ನ ಹೆಸರಿನಲ್ಲಿ ಕೇಳುತ್ತಿರಲಿಲ್ಲ. ಫೋನು ಮಾಡಿದರೆ, "ಇಲಿಗಳು ಹೇಗುಂಟು?" ಎನ್ನುತ್ತಿದ್ದರು.

ನಾನು ಆ ಪ್ರಯೋಗಾಲಯದ ಟೆಕ್ನೀಷಿಯನ್. ದಿನಾ ಬಂಟ್ವಾಳದಿಂದ ಬಂದು ಹೋಗುವವಳು. ಈ ಪ್ರಯೋಗದಲ್ಲಿ ನನ್ನ ಪಾಲಿಗೆ ಬಂದದ್ದು ಎಣಿಕೆ. ಮನೆಯಲ್ಲಿ ಅತ್ತೆ ಕೇಳಿದಾಗ "ಕಣ ಎಣಿಸುವುದು" ಎಂದೆ. ರಕ್ತಕಣ ಎಂದುಕೊಂಡು ಅವರು ಸುಮ್ಮನಾದರು.

ಇಪ್ಪತ್ತನಾಲ್ಕು ಗಂಡು ಇಲಿಗಳು, ಆರಾರರ ನಾಲ್ಕು ಗುಂಪು. ಮೊದಲನೆಯದಕ್ಕೆ ಬರೀ ನೀರು. ಎರಡನೆಯದಕ್ಕೆ ಕೀಟನಾಶಕ ಮಾತ್ರ. ಮೂರನೆಯದಕ್ಕೆ ಕೀಟನಾಶಕ ಮತ್ತು ನಸುಗುನ್ನಿ. ನಾಲ್ಕನೆಯದಕ್ಕೆ ನಸುಗುನ್ನಿ ಮಾತ್ರ. ಪಂಜರಗಳಿಗೆ ಬಣ್ಣದ ಚೀಟಿ. ಎರಡನೆಯ ಗುಂಪಿನದ್ದು ಕೆಂಪು. ಇಲಿಯ ದೇಹದಲ್ಲಿ ವೀರ್ಯಾಣು ಹುಟ್ಟಿ, ಬೆಳೆದು, ಹೊರಡಲು ಎರಡು ತಿಂಗಳ ಹತ್ತಿರ ಬೇಕು. ಆದ್ದರಿಂದ ಅರುವತ್ತು ದಿನ, ಆದಿತ್ಯವಾರವೂ ಬಿಡದೆ, ವಿದ್ಯಾರ್ಥಿನಿ ಪ್ರತಿ ಇಲಿಯನ್ನೂ ಎಡಗೈಯಲ್ಲಿ ಹಿಡಿದು, ತುದಿಯಲ್ಲಿ ಗುಂಡು ಇರುವ ಬಾಗಿದ ಕೊಳವೆಯಿಂದ ನೇರ ಹೊಟ್ಟೆಗೆ ಡೋಸ್ ಕೊಟ್ಟಳು. ವಾರಕ್ಕೊಮ್ಮೆ ತೂಕ ನಾನು ಬರೆದೆ.

ಪ್ರಾಣಿಮನೆಯನ್ನು ನೋಡಿಕೊಳ್ಳುತ್ತಿದ್ದವರು ವಾಮದಪದವು ಕಡೆಯ ಒಬ್ಬ ಅಟೆಂಡರ್. ನಿವೃತ್ತಿಗೆ ಹತ್ತಿರವಾಗಿದ್ದ ಹೆಂಗಸು. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಪಂಜರ ತೊಳೆಯುವುದು, ಹೊಟ್ಟು ಬದಲಿಸುವುದು, ಕಾಳಿನ ಗುಳಿಗೆ ಹಾಕುವುದು ಅವರ ಕೆಲಸ. ಅವರ ಪ್ರಾಣಿಮನೆಯಲ್ಲಿ ವಾಸನೆ ಬರುತ್ತಿರಲಿಲ್ಲ. ಹೊರಗಿನಿಂದ ಬಂದವರೆಲ್ಲ ಅದನ್ನು ಹೊಗಳಿದ್ದಾರೆ.

ಕೊನೆಯ ದಿನ. ಹಿಂದಿನ ಸಂಜೆಯಿಂದ ಇಲಿಗಳಿಗೆ ಆಹಾರವಿಲ್ಲ. ಅರಿವಳಿಕೆ ಕೊಟ್ಟು ಒಂದೊಂದನ್ನೇ ತೆರೆದೆವು. ಯಾವ ಇಲಿ ಯಾವ ಗುಂಪಿನದ್ದೆಂದು ಎಣಿಸುವವರಿಗೆ ಗೊತ್ತಿರಬಾರದು. ಹಾಗಾಗಿ ವಿದ್ಯಾರ್ಥಿನಿ ನನ್ನ ಮೇಜಿಗೆ ಕಳಿಸಿದ ಅಂಗಾಂಗಗಳ ಮೇಲೆ ಇದ್ದದ್ದು ಬರೀ ಗುರುತಿನ ಸಂಖ್ಯೆ. ವೃಷಣಕ್ಕೆ ಅಂಟಿಕೊಂಡ ಸುರುಳಿ ನಾಳದ ತುದಿಯಲ್ಲಿ ವೀರ್ಯಾಣು ಸಂಗ್ರಹವಾಗಿರುತ್ತದೆ. ಆ ತುದಿಯನ್ನು ಬೆಚ್ಚಗಿನ ಲವಣದ್ರಾವಣದಲ್ಲಿ ಕತ್ತರಿಸಿಟ್ಟರೆ ಅವು ಈಜಿ ಹೊರಗೆ ಬರುತ್ತವೆ. ಅದರ ಒಂದು ಹನಿಯನ್ನು ಗೆರೆ ಕೊರೆದ ಎಣಿಕೆಯ ಗಾಜಿಗೆ ಬಿಟ್ಟು, ಐದು ನಿಮಿಷ ಕಾದು, ಚೌಕ ಚೌಕವಾಗಿ ಎಣಿಸಬೇಕು. ಮೇಲಿನ ಮತ್ತು ಎಡದ ಗೆರೆ ಮುಟ್ಟಿದ್ದು ಲೆಕ್ಕಕ್ಕೆ ಉಂಟು. ಕೆಳಗಿನ ಮತ್ತು ಬಲದ ಗೆರೆ ಮುಟ್ಟಿದ್ದು ಇಲ್ಲ. ಪ್ರತಿ ಇಲಿಗೆ ಎರಡು ಸಲ ಎಣಿಕೆ. ಎರಡರ ನಡುವೆ ಹೆಚ್ಚು ವ್ಯತ್ಯಾಸ ಬಂದರೆ ಎರಡನ್ನೂ ಬಿಟ್ಟು ಹೊಸ ಹನಿ. ಅಂಗಾಂಗಗಳಲ್ಲಿ ಕಂಡದ್ದನ್ನು ಪಕ್ಕದ ಅಂಕಣದಲ್ಲಿ ಬರೆಯುವುದೂ ನನ್ನ ಪದ್ಧತಿ. ಬೇಕಾಗಲಿ, ಬೇಡವಾಗಲಿ.

ಮರುದಿನ ಅವಳ ಮಾರ್ಗದರ್ಶಕ ಪ್ರೊಫೆಸರರ ಎದುರಿಗೆ ಗುರುತಿನ ಪಟ್ಟಿಯ ಕವರು ಒಡೆದೆವು. ವಿಷ ಮಾತ್ರ ತಿಂದ ಎರಡನೆಯ ಗುಂಪಿನ ಎಣಿಕೆ, ನೀರು ಕುಡಿದ ಮೊದಲನೆಯ ಗುಂಪಿಗಿಂತ ಸ್ವಲ್ಪವೇ ಕಡಿಮೆ ಇತ್ತು. ನಸುಗುನ್ನಿ ಸೇರಿದ ಮೂರನೆಯದೂ ಅಷ್ಟೇ.

ಪ್ರೊಫೆಸರ್ ಕನ್ನಡಕ ತೆಗೆದರು. "ಡೋಸ್ ಕಡಿಮೆಯಾಗಿರಬೇಕು. ಬಂದದ್ದನ್ನು ಬಂದ ಹಾಗೆ ಬರೆಯಿರಿ. ಈ ಪ್ರಮಾಣದಲ್ಲಿ ದೊಡ್ಡ ಹಾನಿ ಇಲ್ಲ ಅಂತ."

ವಿದ್ಯಾರ್ಥಿನಿಗೆ ಒಂದು ಕಡೆ ಬೇಸರ, ಇನ್ನೊಂದು ಕಡೆ ಸಮಾಧಾನ. ಆ ಸಂಜೆಯೇ ಮನೆಗೆ ಫೋನು ಮಾಡಿದಳು. ವಾರದ ನಂತರ ನನಗೆ ಹೇಳಿದಳು: ಅಣ್ಣ ಈ ಸಲ ಮೂರು ತೋಟ ಹೆಚ್ಚಿಗೆ ಒಪ್ಪಿಕೊಂಡಿದ್ದಾರೆ. ಬೆಳಿಗ್ಗೆ ಒಂದು ಲೋಟ ಹಾಲಿಗೆ ನಸುಗುನ್ನಿ ಪುಡಿ ಹಾಕಿ ಕುಡಿದು ಟ್ಯಾಂಕು ಹೊರುತ್ತಾರೆ. "'ನಿಮ್ಮ ಇಲಿಗಳಿಗೇ ಏನೂ ಆಗಲಿಲ್ಲ, ನನಗೇನು ಆಗ್ತದೆ' ಅಂತಾನೆ ಮೇಡಂ."

ಆ ಎಣಿಕೆಯ ಕೆಳಗೆ ಇದ್ದದ್ದು ನನ್ನ ಸಹಿ. ಪ್ರತಿ ವಾರದ ತೂಕವನ್ನೂ ನಾನೇ ಬರೆದಿದ್ದೆ. ಆರಂಭದ ವಾರಗಳಲ್ಲಿ ಇಳಿದ ಎರಡನೆಯ ಗುಂಪಿನ ತೂಕ ಮತ್ತೆ ಏರಿತ್ತು. ಆಗಲೇ ಯಾಕೆಂದು ಕೇಳಬೇಕಿತ್ತು.

ನಾನು ಮೊದಲು ನನ್ನನ್ನೇ ಪರೀಕ್ಷಿಸಿಕೊಂಡೆ. ಕೆಡದಂತೆ ಇಟ್ಟಿದ್ದ ದ್ರಾವಣಗಳಿಂದ ಹೊಸ ಹನಿ ತೆಗೆದು ಮತ್ತೆ ಎಣಿಸಿದೆ. ಎಣಿಕೆ ಸರಿ ಇತ್ತು. ಡೋಸ್ ಲೆಕ್ಕ ಸರಿ ಇತ್ತು. ಕೀಟನಾಶಕದ ಬಾಟಲಿಯ ಅವಧಿ ಮುಗಿದಿರಲಿಲ್ಲ. ಕೊನೆಗೆ ದಾಖಲೆ ಪುಸ್ತಕವನ್ನು ಮೊದಲ ಪುಟದಿಂದ, ಎಣಿಕೆ ಬಿಟ್ಟು ಬೇರೆ ಅಂಕಣಗಳನ್ನು ಮಾತ್ರ ಓದುತ್ತ ಬಂದೆ. ಅಂಗಾಂಗಗಳ ಅಂಕಣದಲ್ಲಿ, ನನ್ನದೇ ಕೈಬರಹದಲ್ಲಿ, "ಜಠರದಲ್ಲಿ ಹಸಿರು ನಾರು" ಎಂದಿತ್ತು. ಮತ್ತೊಂದು ಕಡೆ ಅದೇ. ಒಟ್ಟು ಆರು ಕಡೆ. ಗುರುತಿನ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದೆ. ಆರೂ ಎರಡನೆಯ ಗುಂಪಿನವು.

ಕಾಳಿನ ಗುಳಿಗೆಯ ಬಣ್ಣ ಕಂದು. ಮೇಲಾಗಿ ಅವು ಹಿಂದಿನ ಸಂಜೆಯಿಂದ ಉಪವಾಸ. ಹಸಿರು ಎಲ್ಲಿಂದ ಬಂತು? ಬರೆಯುವಾಗ ನಾನು ಇದನ್ನು ಕೇಳಿಕೊಂಡಿರಲಿಲ್ಲ. ಕಂಡದ್ದನ್ನು ಬರೆದರೆ ಕೆಲಸ ಮುಗಿಯಿತು ಎಂಬ ಜಂಬ ನನ್ನಲ್ಲಿತ್ತು. ಅದು ಆ ಮಧ್ಯಾಹ್ನ ಇಳಿಯಿತು.

ಪ್ರಾಣಿಮನೆಗೆ ಹೋದೆ. ಅಕ್ಕ ಪಂಜರ ಒಣಗಲು ಕವುಚಿ ಇಡುತ್ತಿದ್ದರು. ಹಿಂದಿನ ಚರಂಡಿಯ ಬದಿಯಲ್ಲಿ ಒಂದೆಲಗ, ನಮ್ಮ ಮಾತಿನಲ್ಲಿ ತಿಮರೆ, ಚಾಪೆ ಹಾಸಿದಂತೆ ಬೆಳೆದಿತ್ತು. ಒಂದು ಮೂಲೆಯಲ್ಲಿ ಮಾತ್ರ ಕಿತ್ತು ಕಿತ್ತು ಬೋಳಾಗಿತ್ತು.

"ಅಕ್ಕ, ಇಲಿಗಳಿಗೆ ತಿಮರೆ ಕೊಟ್ಟಿದ್ದೀರಾ?"

ಅವರು ಅಡಗಿಸಲಿಲ್ಲ. "ಎಲ್ಲರಿಗೂ ಇಲ್ಲ ಮೇಡಂ. ಕೆಂಪು ಚೀಟಿಯವಕ್ಕೆ ಮಾತ್ರ."

"ಯಾವಾಗಿನಿಂದ?"

"ಅವು ಬಡಕಲಾದ ಮೇಲೆ. ದಿನಾ ಬೆಳಿಗ್ಗೆ, ಡಾಕ್ಟ್ರು ಡೋಸ್ ಕೊಡ್ಲಿಕ್ಕೆ ಬರುವ ಮೊದಲು. ಒಂದೊಂದು ಹಿಡಿ." ಸ್ವಲ್ಪ ತಡೆದು, "ಕೊನೆಯ ದಿನವೂ ಕೊಟ್ಟೆ. ಸಾಯ್ಲಿಕ್ಕೆ ಹೋಗುವವಲ್ಲವಾ? ಖಾಲಿ ಹೊಟ್ಟೆಯಲ್ಲಿ ಕಳಿಸುವುದು ಹೇಗೆ?"

ನಾನು ಬೋಳಾದ ಮೂಲೆಯ ಕಡೆ ನೋಡಿದೆ. ಅವರಿಗೆ ಅದು ಗದರಿದ ಹಾಗೆ ಕಂಡಿರಬೇಕು. ಧ್ವನಿ ಏರಿಸಿದರು. "ನೀವು ಓದಿದವರು. ಮೂರನೆಯವಕ್ಕೆ ವಿಷವೂ ಕೊಡ್ತೀರಿ, ಮದ್ದೂ ಕೊಡ್ತೀರಿ. ಎರಡನೆಯವಕ್ಕೆ ಯಾರುಂಟು? ನಮ್ಮ ಮನೆಯಲ್ಲಿ ಬಾಣಂತಿಗೆ, ಜ್ವರ ಬಿಟ್ಟವರಿಗೆ, ಎಲ್ಲರಿಗೂ ತಿಮರೆ ಚಟ್ನಿ ಕೊಡುವುದು. ನನಗೆ ಗೊತ್ತಿದ್ದದ್ದು ಅಷ್ಟೇ."

ನಾನು ಪ್ರಾಣಿಮನೆಯ ಮೆಟ್ಟಿಲ ಮೇಲೆ ಕೂತೆ. ಅವರೂ ಕೂತರು. ನಾನು ಇಷ್ಟು ವರ್ಷಗಳಲ್ಲಿ ಅವರಿಗೆ ಪಂಜರ ತೊಳೆಯುವ ಕ್ರಮ ಹೇಳಿದ್ದೆ, ಸೋಪಿನ ಅಳತೆ ಹೇಳಿದ್ದೆ. ಎರಡನೆಯ ಗುಂಪು ಯಾಕೆ ಇರುತ್ತದೆ ಎಂದು ಹೇಳಿರಲಿಲ್ಲ. ಆ ದಿನ ಹೇಳಿದೆ. ರಕ್ಷಣೆ ಏನೂ ಇಲ್ಲದೆ ಸ್ಪ್ರೇ ಮಾಡುವವರ ಜಾಗದಲ್ಲಿ ಇರುವುದು ಆ ಆರು ಇಲಿಗಳು. ಅವುಗಳಿಗೆ ನಿಜವಾಗಿ ಎಷ್ಟು ಪೆಟ್ಟು ಬಿತ್ತೆಂದು ಗೊತ್ತಾಗದಿದ್ದರೆ, ಯಾರೋ ಒಬ್ಬರು ತನಗೂ ಪೆಟ್ಟು ಬೀಳುವುದಿಲ್ಲ ಎಂದುಕೊಳ್ಳುತ್ತಾರೆ. ಆ ಒಬ್ಬರು ಯಾರೆಂದೂ ಹೇಳಿದೆ. ಪಿಕಪ್ಪಿನಲ್ಲಿ ಕಾಯಿ ತಂದವರು.

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. "ದೇವರೇ. ಆ ಮಾಣಿಯಾ?"

ಪ್ರೊಫೆಸರಿಗೆ ತಿಳಿಸಿದಾಗ ಅವರಿಗೆ ಮೊದಲು ನಗು ಬಂತು. "ಎಂತ ಮಾರಾಯ್ರೆ! ನಾವು ಎರಡು ತಿಂಗಳು ನಸುಗುನ್ನಿ ಅರೆದದ್ದು, ಗೆದ್ದದ್ದು ಚರಂಡಿ ಬದಿಯ ತಿಮರೆ! ಹಾಗಾದರೆ ಅದರ ಮೇಲೆಯೇ ಬರೆಯುವಾ?"

"ತಿಮರೆ ಕಾಪಾಡಿತು ಅಂತ ನಮಗೆ ಗೊತ್ತಿಲ್ಲ ಸರ್," ಎಂದೆ. "ಹೊಟ್ಟೆ ತುಂಬಿದ್ದರಿಂದ ವಿಷ ನಿಧಾನವಾಗಿ ಸೇರಿರಬಹುದು. ಬೇರೆ ಏನೋ ಇರಬಹುದು. ಎಷ್ಟು ತಿಂದವು, ಯಾವುದು ತಿಂದಿತು, ಅಳತೆ ಇಲ್ಲ. ಗೊತ್ತಿರುವುದು ಒಂದೇ. ಆ ಪಂಜರದಲ್ಲಿ ಇದ್ದದ್ದು ಚೀಟಿಯಲ್ಲಿ ಬರೆದ ಗುಂಪು ಅಲ್ಲ."

ಅವರ ನಗು ನಿಂತಿತು. ವಿದ್ಯಾರ್ಥಿನಿ ಗೋಡೆಗೆ ಒರಗಿ ನಿಂತಿದ್ದಳು. ಅವಳಿಗೆ ಪ್ರಬಂಧ ಒಪ್ಪಿಸಲು ಉಳಿದದ್ದು ಕೆಲವೇ ವಾರ. ಮತ್ತೆ ಮಾಡುವುದೆಂದರೆ ನೈತಿಕ ಸಮಿತಿಗೆ ಹೊಸ ಅರ್ಜಿ, ಹೊಸ ಇಲಿಗಳು, ಮತ್ತೆ ಅರುವತ್ತು ದಿನ, ಪರೀಕ್ಷೆ ಮುಂದಿನ ತಂಡದೊಂದಿಗೆ.

"ನೀವು ಆ ಅಂಕಣ ಬರೆಯದಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ," ಎಂದಳು. ಅವಳು ನನ್ನ ಮೇಲೆ ಸಿಟ್ಟು ಮಾಡಿದ್ದು ಅದೊಂದೇ ಸಲ.

"ಹೌದು. ಆದರೆ ಬರೆದಾಗಿದೆ."

ದಾಖಲೆ ಪುಸ್ತಕದಲ್ಲಿ ಆ ಪುಟ ತೆಗೆದು, ಎರಡನೆಯ ಗುಂಪಿನ ಎಣಿಕೆಯ ಮೇಲೆ ಒಂದು ಗೆರೆ ಎಳೆದೆ. ಅಂಕಿ ಕಾಣುವಂತೆ ಒಂದೇ ಗೆರೆ. ಪಕ್ಕದಲ್ಲಿ, ಇಲಿಗಳಿಗೆ ಎಲೆ ತಿನ್ನಿಸಲಾಗಿತ್ತು, ಈ ಎಣಿಕೆಯನ್ನು ಬಳಸಬಾರದು ಎಂದು ಬರೆದು, ಸಹಿ ಮಾಡಿ, ತಾರೀಕು ಹಾಕಿದೆ. ಅದು ನನ್ನ ಅಧಿಕಾರದ ಕೊನೆ. ಮುಂದೆ ಏನು ಮಾಡುವುದೆಂದು ಹೇಳಬೇಕಾದವಳು ಅವಳು.

ವಿದ್ಯಾರ್ಥಿನಿ ಗೆರೆ ಎಳೆದ ಅಂಕಿಗಳನ್ನು ಒಂದೊಂದಾಗಿ ಓದಿದಳು. ಆಮೇಲೆ ಅಲ್ಲಿಯೇ ನಿಂತು ಅಣ್ಣನಿಗೆ ಫೋನು ಹಚ್ಚಿದಳು.

"ಅಣ್ಣ, ಇಲಿಗಳ ಲೆಕ್ಕ ತಪ್ಪಿದೆ... ಇಲ್ಲ, ನಾನು ಹೇಳಿದ್ದು ಸರಿಯಲ್ಲ... ಗೊತ್ತಿಲ್ಲ. ನಿಜವಾಗಿ ಗೊತ್ತಿಲ್ಲ. ಪುನಃ ಮಾಡ್ತೇನೆ. ಅಲ್ಲಿವರೆಗೆ ಕೋಟಾದರೂ ಹಾಕು ಮಾರಾಯ."

ಅಕ್ಕನನ್ನು ಬೇರೆ ವಿಭಾಗಕ್ಕೆ ಕಳಿಸುವ ಮಾತು ಬಂತು. ಬೇಡ ಎಂದೆ. ಹೇಳದೆ ಬಿಟ್ಟ ತಪ್ಪು ನನ್ನದೂ ಹೌದು. ಅಕ್ಕನನ್ನು ಕರೆದು, ಇನ್ನೊಮ್ಮೆ ಮಾಡುತ್ತೇವೆ, ಈ ಸಲ ಏನೂ ಕೊಡಬಾರದು ಎಂದೆವು. ಅವರು ಯೋಚಿಸಿ ಹೇಳಿದರು: "ಹಾಗಾದರೆ ಯಾವುದಕ್ಕೆ ವಿಷ ಅಂತ ನನಗೆ ಹೇಳಬೇಡಿ. ಗೊತ್ತಿದ್ದರೆ ನನ್ನ ಕೈ ನಿಲ್ಲುವುದಿಲ್ಲ."

ಪ್ರೊಫೆಸರ್ ನನ್ನ ಮುಖ ನೋಡಿದರು, ನಾನು ಅವರ ಮುಖ. ಎಣಿಸುವವಳ ಕಣ್ಣು ಕಟ್ಟಿದ್ದೆವು, ಸಾಕುವವರದ್ದು ಕಟ್ಟಿರಲಿಲ್ಲ. ಅದನ್ನು ನಮಗೆ ಹೇಳಿದವರು ಪಂಜರ ತೊಳೆಯುವ ಅಕ್ಕ.

ಎರಡನೆಯ ಸಲ ಚೀಟಿಗಳಲ್ಲಿ ಬಣ್ಣ ಇರಲಿಲ್ಲ, ಅಕ್ಷರ ಮಾತ್ರ. ಎಲ್ಲ ಇಲಿಗಳಿಗೂ ದಿನಕ್ಕೆ ಎರಡು ಡೋಸ್. ವಿಷವೋ ನಸುಗುನ್ನಿಯೋ ಇಲ್ಲದ ಕಡೆ ನೀರು. ಡೋಸ್ ಕೊಡುವಾಗ ಬಾಗಿಲು ಮುಚ್ಚಿ ಅಕ್ಕ ಹೊರಗೆ. ಹಿಂದಿನ ಚರಂಡಿಯ ತಿಮರೆಯನ್ನು ಅವರೇ ಬುಡಸಮೇತ ಕಿತ್ತು ಮನೆಗೆ ಒಯ್ದು ನೆಟ್ಟರು. ಆದರೂ ಕಷ್ಟವಾಯಿತು. ಬಡಕಲಾದ ಇಲಿಗಳ ಪಂಜರ ಯಾವುದೆಂದು ಅವರ ಕಣ್ಣಿಗೆ ಕಾಣುತ್ತಿತ್ತು. ಒಂದು ಬೆಳಿಗ್ಗೆ ನಾನು ಹೋದಾಗ ಅದರ ಎದುರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದರು. ನಾನು ಬಂದದ್ದು ತಿಳಿದೂ ತಿರುಗಲಿಲ್ಲ. ಇಲಿಗಳಿಗೆ ತುಳುವಿನಲ್ಲಿ ಏನೋ ಸಮಾಧಾನ ಹೇಳುತ್ತಿದ್ದರು. ಮಾತಿಗೆ ನಿಷೇಧ ಇರಲಿಲ್ಲ.

ಅರುವತ್ತನೆಯ ದಿನ ಮುಗಿದು ಎಣಿಕೆಗೆ ಕೂತೆ. ಕೆಲವು ಗಾಜುಗಳಲ್ಲಿ ಚೌಕದ ಮೇಲೆ ಚೌಕ ದಾಟಿದರೂ ಖಾಲಿ. ಇದ್ದವುಗಳಲ್ಲಿಯೂ ತಲೆ ಬೇರೆ, ಬಾಲ ಬೇರೆ. ಮೊದಲಿಗೆ ಹನಿ ಸರಿಯಾಗಿ ಬಿದ್ದಿಲ್ಲ ಎಂದುಕೊಂಡು ತೊಳೆದು ಮತ್ತೆ ಹಾಕಿದೆ. ಮತ್ತೆ ಹಾಗೆಯೇ. ಗುಂಪು ಯಾವುದೆಂದು ನನಗೆ ಗೊತ್ತಿರಲಿಲ್ಲ. ಈ ಸಲ ಎಲ್ಲ ಜಠರಗಳನ್ನೂ ತೆರೆದು ನೋಡಿದೆ. ಹಸಿರು ಎಲ್ಲಿಯೂ ಇರಲಿಲ್ಲ.

ಕವರು ಒಡೆಯುವಾಗ ಅಕ್ಕನನ್ನೂ ಕರೆದೆವು. ಖಾಲಿ ಚೌಕಗಳು ವಿಷ ಮಾತ್ರ ತಿಂದ ಗುಂಪಿನವು. ವಿಷದ ಜೊತೆ ನಸುಗುನ್ನಿ ತಿಂದವುಗಳ ಎಣಿಕೆ ಅದಕ್ಕಿಂತ ಸ್ಪಷ್ಟವಾಗಿ ಮೇಲೆ, ನೀರು ಕುಡಿದವುಗಳಿಗಿಂತ ಮೊದಲ ಸಲದ ಹಾಗೆಯೇ ಕೆಳಗೆ. ಗಿಡ ಕಾಪಾಡಿತ್ತು. ಪೂರ್ತಿ ಕಾಪಾಡಿರಲಿಲ್ಲ. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲಿಯೂ ಹಾಗೇ ಎಂದು ಹೇಳಲು ಬರುವುದಿಲ್ಲ. ಅದನ್ನೂ ಪ್ರಬಂಧದಲ್ಲಿ ಬರೆದೆವು. ಮೊದಲ ಸಲ ಕೆಟ್ಟ ಕತೆಗೆ ಒಂದು ಪೂರ್ತಿ ಪುಟ ಕೊಟ್ಟಳು ವಿದ್ಯಾರ್ಥಿನಿ. ಗುಂಪುಗಳ ಗುರುತು ಸಾಕುವವರಿಗೂ ತಿಳಿಯಬಾರದೆಂದು ಸೂಚಿಸಿದವರು ಪ್ರಾಣಿಮನೆಯ ಅಟೆಂಡರ್ ಎಂದು ಹೆಸರು ಸಮೇತ ಬರೆದಳು. ಮೌಖಿಕ ಪರೀಕ್ಷೆಗೆ ಬಂದವರು ಹೆಚ್ಚು ಪ್ರಶ್ನೆ ಕೇಳಿದ್ದು ಆ ಪುಟದ ಮೇಲೆ. ಹೊರಡುವಾಗ ಪ್ರಾಣಿಮನೆ ನೋಡಬೇಕೆಂದರು. ಅಕ್ಕ ಹೊಸ ಸೀರೆಯಲ್ಲಿದ್ದರು. ನಾನು ಬಾಗಿಲಲ್ಲಿ ನಿಂತು ಅವರು ವಿವರಿಸುವುದನ್ನು ಕೇಳಿದೆ. ಎರಡನೆಯ ಗುಂಪು ಯಾಕೆ ಬೇಕು ಎಂಬುದನ್ನು ನನಗಿಂತ ಚೆನ್ನಾಗಿ ಹೇಳಿದರು.

ಆದರೆ ನಾನು ಹೇಳಬೇಕೆಂದಿದ್ದದ್ದು ಅದರ ಮೊದಲಿನ ಒಂದು ಬುಧವಾರದ ವಿಷಯ. ಎರಡನೆಯ ಸಲದ ಕವರು ಒಡೆದು ವಾರವೂ ಆಗಿರಲಿಲ್ಲ. ಅಣ್ಣ ಬಂದರು. ಪ್ರಯೋಗಾಲಯದ ಹೊರಗಿನ ಬೆಂಚಿನಲ್ಲಿ ಕೂತು, ತಂಗಿಯನ್ನಲ್ಲ, ನನ್ನನ್ನು ಕೇಳಿದರು. "ಇಲಿಗಳು ಹೇಗುಂಟು ಮೇಡಂ?"

ಬಣ್ಣ ಹಾಕಿ ಒಣಗಿಸಿಟ್ಟ ಎರಡು ಗಾಜುಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದರ ನಂತರ ಒಂದು ಇಟ್ಟು ತೋರಿಸಿದೆ. ಇದು ನೀರು ಕುಡಿದ ಇಲಿಯದ್ದು. ಇದು ವಿಷ ಕುಡಿದದ್ದರದ್ದು. ಅವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

"ನಸುಗುನ್ನಿ ತಿಂದದ್ದು?"

"ಇವೆರಡರ ನಡುವೆ."

"ಅಂದರೆ ಅದನ್ನು ಕುಡಿದು ಸ್ಪ್ರೇಗೆ ಹೋದರೆ..."

"ಸಾಕಾಗುವುದಿಲ್ಲ ಅಣ್ಣ," ಎಂದಳು ತಂಗಿ. "ವಿಷ ನಿಲ್ಲಬೇಕು. ಮತ್ತೆ ಮದ್ದು ಬೇಕಾ, ಯಾವುದು, ಅದು ನೋಡಿದ ಮೇಲೆ. ನಿನ್ನದು ನೋಡಿಯೇ ಇಲ್ಲವಲ್ಲ."

ಅವರು ಕಣ್ಣು ತೆಗೆಯದೆ ಹೇಳಿದರು. "ನಿಲ್ಲಿಸಿದ್ದೇನೆ. ಲೆಕ್ಕ ತಪ್ಪಿದೆ ಅಂತ ನೀನು ಫೋನಿನಲ್ಲಿ ಹೇಳಿದ ದಿನ ಅಲ್ಲ. ಆಗ ಧೈರ್ಯ ಬರಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನನ್ನದೂ ನೀವೇ ಎಣಿಸ್ತೀರಾ ಮೇಡಂ? ನಂಬರು ಹಾಕಿ. ಹೆಸರು ಬೇಡ."

ನಮ್ಮಲ್ಲಿ ಮನುಷ್ಯರ ಪರೀಕ್ಷೆಗೆ ಅನುಮತಿ ಇಲ್ಲ ಎಂದೆ. ಅವರ ಮುಖ ನೋಡಿ, ಆಸ್ಪತ್ರೆಯ ಲ್ಯಾಬಿಗೆ ಜೊತೆಯಲ್ಲಿ ಬರುತ್ತೇನೆ ಎಂದೂ ಹೇಳಿದೆ. ಪರೀಕ್ಷೆಗೆ ಮೊದಲು ಪಾಲಿಸಬೇಕಾದದ್ದನ್ನು ತಂಗಿಯ ಎದುರು ಹೇಳಲಾಗದೆ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಶನಿವಾರ ಬೆಳಿಗ್ಗೆ ಮೂವರೂ ಹೋದೆವು. ಕೌಂಟರಿನಲ್ಲಿ ಒಬ್ಬಳು ಹುಡುಗಿ. ಹಿಂದೆ ನಾಲ್ಕೈದು ಜನರ ಸಾಲು.

"ಹೆಸರು?"

ಹೇಳಿದರು. ವಯಸ್ಸು ಹೇಳಿದರು. ಯಾವ ಪರೀಕ್ಷೆ ಎಂದು ಕೇಳಿದಾಗ ಅಲ್ಲಿಯ ಡಾಕ್ಟರರು ಬರೆದುಕೊಟ್ಟ ಚೀಟಿಯನ್ನು ಒಳಗೆ ದೂಡಿದರು. ಅವಳು ಓದಿ, ಮುಖದಲ್ಲಿ ಏನೂ ತೋರಿಸದೆ ಬರೆದುಕೊಂಡಳು.

"ಉದ್ಯೋಗ?"

"ಗೇರಿಗೆ ಸ್ಪ್ರೇ ಮಾಡುವುದು." ಕೂಡಲೇ ಕೈ ಅಡ್ಡ ಮಾಡಿದರು. "ಅದು ಬರೆಯಬೇಡಿ. ಬಿಟ್ಟಿದ್ದೇನೆ."

"ಮತ್ತೆ ಎಂತ ಬರೆಯುವುದು?"

ಅವರು ನನ್ನ ಕಡೆ ತಿರುಗಿದರು. ಸಾಲಿನಲ್ಲಿ ಯಾರೋ ಕೆಮ್ಮಿದರು. ನಾನು ಅವರ ಪಕ್ಕಕ್ಕೆ ಹೋಗಿ ನಿಂತೆ.

"ಎರಡನ್ನೂ ಬರೆಯಲಿ," ಎಂದೆ. "ಎಷ್ಟು ವರ್ಷ ಮಾಡಿದಿರಿ, ಯಾವಾಗ ಬಿಟ್ಟಿರಿ. ನೋಡುವ ಡಾಕ್ಟರಿಗೆ ಎರಡೂ ಬೇಕು."

ಅವರು ಕೌಂಟರಿನ ಅಂಚು ಹಿಡಿದುಕೊಂಡರು. ಸಾಲಿನ ಕೊನೆಯವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು:

"ಒಂಬತ್ತು ವರ್ಷ. ಬಿಟ್ಟದ್ದು ಈ ಸೋಮವಾರ."

ಹುಡುಗಿ ಬರೆದಳು. ನಾನು ತಲೆಕೆಳಗಾಗಿ ಓದಿ ನೋಡಿದೆ. ಸರಿಯಾಗಿಯೇ ಬರೆದಿದ್ದಳು.